ಅಪ್‌ಡೇಟ್: ಟೂರಿಸಂ ಡಿಗ್ರಿ ಸೇರ್ಲಾ ಬೇಡ್ವಾ ಅಂತ ಕೇಳಿದ್ದೆ, ಈಗ ಎರಡು ವರ್ಷ ಮುಗೀತು

ಎಲ್ರಿಗೂ ನಮಸ್ಕಾರ. ಟೂರಿಸಂ ಅಂದ್ರೆ ಬರೀ ಊರು ಸುತ್ತೋದಾ, ಕೆಲಸ ಸಿಗುತ್ತಾ ಅಂತ ಕೇಳಿದ್ದು ನಾನೇ. ಇಂಟರ್ನ್‌ಶಿಪ್ ಇರೋ ಕಡೆ ಮಾತ್ರ ಸೇರು ಅಂತ ಇಲ್ಲಿ ನೀವೆಲ್ಲ ಅಂದಿದ್ರಲ್ಲ, ಹಾಗೇ ಮಾಡ್ದೆ, ತುಂಬಾ ಒಳ್ಳೇದಾಯ್ತು.

ಸುತ್ತಾಟ ಕಮ್ಮಿನೇ. ಅಕೌಂಟ್ಸು, ಮಾರ್ಕೆಟಿಂಗು ಎಲ್ಲಾ ಓದ್ಬೇಕು. ನನ್ನ ಹಿಡಿದಿಟ್ಟಿದ್ದು ಪ್ರವಾಸಿ ಜಾಗಗಳು ಹೇಗೆ ಬೆಳೀತಾವೆ ಅಂತ ಬಟ್ಲರ್ ಅನ್ನೋ ಭೂಗೋಳ ತಜ್ಞ 1980ರಲ್ಲಿ ಕೊಟ್ಟ ಮಾಡೆಲ್ಲು, ಒಂದು ಜಾಗನ ಮೊದ್ಲು ಯಾರೋ ನಾಲ್ಕು ಜನ ಹುಡುಕ್ಕೊಂಡು ಬರ್ತಾರೆ, ಆಮೇಲೆ ಅಲ್ಲಿನವ್ರೇ ಊಟ ರೂಮು ಅಂತ ಶುರುಮಾಡ್ತಾರೆ, ಹೊರಗಿನ ದುಡ್ಡು ಬರುತ್ತೆ, ಜನ ಕಿಕ್ಕಿರಿದು ಕೊನೆಗೆ ಬೆಳವಣಿಗೆ ನಿಂತೇ ಹೋಗುತ್ತೆ, ಅಲ್ಲಿಂದ ಒಂದೋ ಇಳಿಯುತ್ತೆ ಇಲ್ಲಾ ಹೊಸದಾಗಿ ಚಿಗುರುತ್ತೆ. ಇದನ್ನ ಓದಿದ್ಮೇಲೆ ಎಲ್ಲಿಗೆ ಹೋದ್ರೂ ಈ ಜಾಗ ಯಾವ ಹಂತದಲ್ಲಿದೆ ಅಂತಾನೇ ನೋಡ್ತೀನಿ, ಅಲ್ಲಿ ಬದುಕೋ ಜನರ ಬಗ್ಗೆ ಯೋಚನೆ ಬರುತ್ತೆ.

ಕಷ್ಟ ಆಗಿದ್ದು ಟಿಕೆಟಿಂಗ್ ಲ್ಯಾಬು. ಅಮೇಡಿಯಸ್ ಅಂತ ಟಿಕೆಟ್ ಬುಕ್ ಮಾಡೋ ಸಾಫ್ಟ್‌ವೇರ್ ಇದೆ, ಅದರ ಕಮಾಂಡ್ ಸ್ಕ್ರೀನಲ್ಲಿ ಎ ಎನ್ ಅಂತ ಹೊಡೆದು ತಾರೀಖು, ಎರಡು ಏರ್‌ಪೋರ್ಟಿನ ಮೂರಕ್ಷರದ ಕೋಡು ಹಾಕಿದ್ರೆ ಫ್ಲೈಟ್ ಲಿಸ್ಟ್ ಬರುತ್ತೆ, ಒಂದಕ್ಷರ ತಪ್ಪಿದ್ರೆ ಬೇರೆ ದೇಶವೇ ಬಂದ್ಬಿಡುತ್ತೆ. ಮೊದಲನೇ ವಾರ ಅತ್ತಿದ್ದೂ ಇದೆ.

ಇಂಟರ್ನ್‌ಶಿಪ್ಪಲ್ಲಿ ಒಂದು ತಿಂಗಳು ಬರೀ ಜೆರಾಕ್ಸ್ ಮಾಡ್ಸಿದ್ರು, ಬೇಜಾರಾಗಿ ಕಾಲೇಜಿನ ಮೇಡಂ ಹತ್ರ ಹೇಳ್ದೆ, ಅವ್ರು ಮಾತಾಡಿದ್ಮೇಲೆ ಬುಕಿಂಗ್ ಡೆಸ್ಕಿಗೆ ಹಾಕಿದ್ರು. ಸೇರೋರು ಅಲ್ಲಿ ಏನು ಕೆಲಸ ಕೊಡ್ತಾರೆ ಅಂತ ಮೊದ್ಲೇ ಬರವಣಿಗೆಯಲ್ಲಿ ತಗೊಳ್ಳಿ ಪ್ಲೀಸ್. ಡೆಸ್ಕಿಗೆ ಹೋದ ಮೂರನೇ ದಿನ, ವಯಸ್ಸಾದ ದಂಪತಿ ಟಿಕೆಟಲ್ಲಿ ಎರಡು ಫ್ಲೈಟ್ ಮಧ್ಯೆ ಬರೀ 40 ನಿಮಿಷ ಇರೋದು ನನ್ನ ಕಣ್ಣಿಗೆ ಬಿತ್ತು, ಹೇಳಿ ಬದಲಾಯಿಸಿದ್ವಿ. ಹೋಗಿ ಬಂದ್ಮೇಲೆ ಅವ್ರು ನನ್ನನ್ನ ಹುಡುಕ್ಕೊಂಡು ಬಂದು ಫೋಟೋ ತೋರಿಸಿದ್ರು.