ಸಹಾಯ ಬೇಕು: ಗೋಡೌನ್ ಟ್ರಾಲಿಗೆ ಯಾವ ಗಾಲಿ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂದು ಅಕ್ಕಿ ಗಿರಣಿಯ ಗೋಡೌನ್ ನೋಡಿಕೊಳ್ಳುತ್ತೇನೆ. ನಮ್ಮ ಟ್ರಾಲಿ ಗಾಲಿಗಳು ಮೂರು ತಿಂಗಳೂ ಬಾಳಿಕೆ ಬರುತ್ತಿಲ್ಲ. ನಿನ್ನೆ ಒಂದನ್ನು ಬಿಚ್ಚಿ ನೋಡಿದೆ, ಆಕ್ಸಲ್ ಸುತ್ತ ಚೀಲದ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು, ಬೇರಿಂಗ್ ಒಳಗೆ ಗ್ರೀಸ್ ಜೊತೆ ತೌಡು ಸೇರಿ ಗಟ್ಟಿಯಾಗಿತ್ತು. ಹೋದ ವಾರ ಹೀಗೇ ಗಾಲಿ ಕಚ್ಚಿಕೊಂಡು ಟ್ರಾಲಿ ವಾಲಿತು, ನಮ್ಮ ಹಮಾಲಿ ಅಣ್ಣನ ಕಾಲಿಗೆ ಪೆಟ್ಟಾಯಿತು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಒಂದು ಟ್ರಾಲಿಗೆ 50 ಕೆಜಿಯ 10 ಚೀಲ, ಟ್ರಾಲಿಯದೇ 60 ಕೆಜಿ. ನೆಲ ಏರುತಗ್ಗು ಇದ್ದರೆ ಒಂದು ಗಾಲಿ ಮೇಲೆದ್ದೇ ಇರುತ್ತದೆ, ಅದಕ್ಕೆ 560ನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಬೇಕು ಅಲ್ವಾ? ಅಂದರೆ ಒಂದೊಂದು ಗಾಲಿ 200 ಕೆಜಿಯಾದರೂ ತಡೆಯಬೇಕು. ಈಗಿರುವುದು 100 ಕೆಜಿಯದು!

ನೈಲಾನ್ ಗಾಲಿ ಸಲೀಸಾಗಿ ಉರುಳುತ್ತದೆ, ಆದರೆ ಸದ್ದು ಜಾಸ್ತಿ, ಸಿಮೆಂಟ್ ನೆಲವೂ ಕಿತ್ತು ಬರುತ್ತದೆ. ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಗಾಲಿ ಹಾಕಿಸೋಣ ಅಂತಿದ್ದೇನೆ. ದಾರ ಒಳಗೆ ಹೋಗದಂತೆ ಎರಡೂ ಕಡೆ ಮುಚ್ಚಳ ಇರುವಂಥದ್ದನ್ನು ಯಾರಾದರೂ ಬಳಸಿದ್ದೀರಾ? ಎರಡು ಫಿಕ್ಸೆಡ್, ಎರಡು ತಿರುಗುವ ಗಾಲಿ ಸಾಕಾ? ಸುಮ್ನೆ ಅಂದಾಜಿಗೆ ಹೇಳಬೇಡಿ, ಗಿರಣಿಯಲ್ಲೋ ಮಂಡಕ್ಕಿ ಭಟ್ಟಿಯಲ್ಲೋ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಸೋಮವಾರ ಯಜಮಾನರ ಹತ್ತಿರ ಮಾತಾಡಬೇಕು.