ಅಪ್ಪನ ಹೂಮಳೆ ಚಿತ್ರ ಮತ್ತು ಮನೆಮಂದಿ ಗುಂಪು

ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಸೋಮವಾರಪೇಟೆಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಕಾಫಿ ಗಿಡ ಹೂ ಬಿಡಲು ಬರುವ ಹೂಮಳೆಯ ಮೇಲೆ ಅವರು ಬರೆದ ಒಂದು ಜಲವರ್ಣ ಚಿತ್ರ ಇಟಲಿಯ ಫ್ಯಾಬ್ರಿಯಾನೋ ಊರಿನ ಪ್ರದರ್ಶನಕ್ಕೆ ಆಯ್ಕೆಯಾಗಿದೆ. ಅಪ್ಪನ ಪರವಾಗಿ ನಾನು ಹೋಗುತ್ತಿದ್ದೇನೆ. ಚಿತ್ರ ಇರುವುದು ಮಾತ್ರ ಶಾಂತಳ್ಳಿಯಲ್ಲಿ, ದೊಡ್ಡಪ್ಪನ ಹಾಲಿನ ಗೋಡೆಯ ಮೇಲೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಮಂದಿಯ ಮೊಬೈಲ್ ಗುಂಪಿನಲ್ಲಿ ನಡೆದ ಮಾತು ಇದು. ಬೆಂಗಳೂರು ಅಣ್ಣ ಅಂದರೆ ದೊಡ್ಡಪ್ಪನ ಮಗ.

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ಚಿತ್ರ, ವಿಗ್ರಹ ಯಾವುದನ್ನೂ ವಿದೇಶಕ್ಕೆ ಒಯ್ಯುವಂತಿಲ್ಲ. 1972ರ ಕಾನೂನು. ವಿಮಾನ ನಿಲ್ದಾಣದಲ್ಲೇ ಜಪ್ತಿ. ವಾಪಸ್ ಸಿಗುವುದಿಲ್ಲ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ಯಾರಿಗೆ ಹೇಳುತ್ತಿದ್ದೇನೆ ಅಂತ ಅವಳಿಗೆ ಗೊತ್ತು.

ಹಾಸನದ ಅತ್ತೆ: ಅಯ್ಯೋ ದೇವರೇ. ನಾನು ಅವತ್ತೇ ಹೇಳಿದ್ದೆ.

ಬೆಂಗಳೂರು ಅಣ್ಣ: ಅಪ್ಪ, ಇದನ್ನು ಬರೆದವರು ಯಾರು? ಯಾವ ಕಾನೂನು, ಯಾವ ಕಲಂ? ಒಂದೂ ಇಲ್ಲವಲ್ಲ.

ದೊಡ್ಡಪ್ಪ: ಬೆಳೆಗಾರರ ಗುಂಪಿನಲ್ಲಿ ಬಂತು. ಅಲ್ಲಿರುವವರೆಲ್ಲ ತಿಳಿದವರು.

ಬೆಂಗಳೂರು ಅಣ್ಣ: ಕಾಫಿ ರೇಟ್ ಕೇಳೋದಕ್ಕೆ ಆ ಗುಂಪು ಸರಿ. ಕಸ್ಟಮ್ಸ್ ವಿಷಯಕ್ಕೆ ಬೇಡ.

ಹಾಸನದ ಅತ್ತೆ: ಹೆತ್ತ ಅಪ್ಪನಿಗೆ ಎಲ್ಲರ ಎದುರು ಹೀಗೆ ಬರೆಯಬಾರದು ಕಣೋ. ದೊಡ್ಡವರು ಸುಮ್ನೆ ಹೇಳುವುದಿಲ್ಲ.

ನಾನು: ದೊಡ್ಡಪ್ಪ, ಆ ಕಾನೂನು ಇರುವುದು ನಿಜ. ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ. ಆದರೆ ಅದು ನೂರು ವರ್ಷ ದಾಟಿದ ವಿಗ್ರಹ, ಚಿತ್ರಗಳಿಗೆ, ಮತ್ತೆ ಸರ್ಕಾರ ಕಲಾ ನಿಧಿ ಎಂದು ಘೋಷಿಸಿದ ಕೆಲವೇ ಕಲಾವಿದರ ಕೃತಿಗಳಿಗೆ. ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್ ಆ ಪಟ್ಟಿಯಲ್ಲಿದ್ದಾರೆ. ಸರ್ಕಾರದ ಕಡೆಯಿಂದ ಅವೂ ಹೋಗುತ್ತವೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಬೋಸ್ ಬರೆದ ಚಿತ್ರಗಳನ್ನು 2019ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಅಪ್ಪನ ಚಿತ್ರಕ್ಕೆ ಮೂವತ್ತು ವರ್ಷವೂ ಆಗಿಲ್ಲ. ವಸ್ತುವನ್ನು ಸುಂಕವಿಲ್ಲದೆ ಸ್ವಲ್ಪ ಕಾಲ ವಿದೇಶಕ್ಕೆ ಒಯ್ದು ತರಲು ಎಟಿಎ ಕಾರ್ನೆ ಅಂತ ಒಂದು ದಾಖಲೆ ಇದೆ, ನಮ್ಮಲ್ಲಿ ವಾಣಿಜ್ಯ ಸಂಸ್ಥೆಗಳ ಒಕ್ಕೂಟವಾದ ಫಿಕ್ಕಿಯವರು ಕೊಡುತ್ತಾರೆ. ಹೋಗುವಾಗ ಒಂದು ಮುದ್ರೆ, ಬರುವಾಗ ಒಂದು ಮುದ್ರೆ. ಒಂದು ವರ್ಷದೊಳಗೆ ಚಿತ್ರ ವಾಪಸ್ ಬರಲೇಬೇಕು.

ಇಷ್ಟು ಬರೆಯಲು ನನಗೆ ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತ್ತು.

ಕುಶಾಲನಗರ ಅಕ್ಕ: ಮಾವ ನಮ್ಮನ್ನು ಮಲ್ಲಳ್ಳಿ ಜಲಪಾತಕ್ಕೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಎಷ್ಟು ಥರದ ಹಸಿರು ಕಾಣುತ್ತೆ ಎಣಿಸಿ ಅಂದಿದ್ದರು. ನಾನು ಹದಿನಾಲ್ಕು ಎಣಿಸಿದ್ದೆ.

ಬೆಂಗಳೂರು ಅಣ್ಣ: ನೀನು ಎಣಿಸಿದ್ದು ಒಂಬತ್ತು.

ಕುಶಾಲನಗರ ಅಕ್ಕ: ಹದಿನಾಲ್ಕು! ನೀನು ಜೀಪಿನಲ್ಲಿ ಮುಂದೆ ಕೂತಿದ್ದೆ. ನನ್ನನ್ನು ಹಿಂದೆ ಹಲಸಿನ ಹಣ್ಣಿನ ಜೊತೆ ಕೂರಿಸಿದ್ದಿರಿ.

ಹಾಸನದ ಅತ್ತೆ: ಆ ಜೀಪು ಮಾರಿದ ದುಡ್ಡಿನಲ್ಲಿ ನನಗೂ ಪಾಲು ಬರಬೇಕಿತ್ತು. ಬಿಡಿ, ಈಗ ಯಾಕೆ ಆ ಮಾತು.

ದೊಡ್ಡಪ್ಪ: ಯಾಕೆ ಅಂದ ಮೇಲೆ ಎತ್ತಿದ್ದು ಯಾಕೆ?

ದೊಡ್ಡಪ್ಪ: ಆ ಚಿತ್ರ ನನ್ನ ತಮ್ಮ ನನಗೆ ಕೊಟ್ಟಿದ್ದು. ನನ್ನ ವಸ್ತು. ಕಳಿಸುವುದು ಬಿಡುವುದು ನನ್ನಿಷ್ಟ.

ಬೆಂಗಳೂರು ಅಣ್ಣ: ಚಿತ್ರ ನಿಮ್ಮದೇ ಅಪ್ಪ. ಕಾಪಿರೈಟ್ ಅಲ್ಲ. 1957ರ ಕಾಯ್ದೆ ನೋಡಿ. ಕಲಾವಿದ ತೀರಿಕೊಂಡು 60 ವರ್ಷದವರೆಗೆ ಅದು ಚಿಕ್ಕಮ್ಮನಿಗೆ, ಮಕ್ಕಳಿಗೆ ಸೇರುತ್ತದೆ. ಬರೆದುಕೊಡದೆ ಬೇರೆಯವರಿಗೆ ಹೋಗುವುದಿಲ್ಲ.

ದೊಡ್ಡಪ್ಪ: ನನ್ನ ಮಗ ನನಗೆ ಕಾನೂನು ಹೇಳುತ್ತಾನೆ. 2018ರ ಮಳೆಗೆ ಎಲ್ಲೆಲ್ಲೂ ಗುಡ್ಡ ಕುಸಿಯುತ್ತಿದ್ದಾಗ ಆ ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವನು ನಾನು. ಆಗ ಈ ಕಾಪಿರೈಟಿನವರು ಎಲ್ಲಿದ್ದರು?

ನನಗೆ ಕೋಪ ಬಂತು. ಆ ಕಂಬಳಿಯೊಳಗೇ ಚಿತ್ರಕ್ಕೆ ಬೂಷ್ಟು ಹಿಡಿದಿದ್ದು. ಬಲ ಮೂಲೆಯಲ್ಲಿ ಕಂದು ಚುಕ್ಕೆಗಳಿವೆ, ಸಾಸಿವೆ ಚೆಲ್ಲಿದ ಹಾಗೆ. ಕಾಫಿ ಹೂವಿಗೆ ಅಪ್ಪ ಬಿಳಿ ಬಣ್ಣ ಹಾಕಿರಲಿಲ್ಲ. ಸುತ್ತಲೂ ಹಸಿರು ಬಳಿದು, ಹೂವಿನ ಜಾಗದಲ್ಲಿ ಹಾಳೆಯನ್ನೇ ಖಾಲಿ ಬಿಟ್ಟಿದ್ದರು. ಹಾಳೆ ಕಂದಿದರೆ ಹೂವೇ ಬಾಡಿದ ಹಾಗೆ. ಇದನ್ನೆಲ್ಲ ಬರೆದೆ. ಬೆಂಗಳೂರಿನಲ್ಲಿ ಕಲೆ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರ ಸಂರಕ್ಷಣಾ ಕೇಂದ್ರ ಇದೆ, ಮೊದಲು ಅಲ್ಲಿ ತೋರಿಸುತ್ತೇನೆ ಎಂದೂ ಬರೆದೆ. ಕೊನೆಯ ಸಾಲನ್ನು ಬರೆಯಬಾರದಿತ್ತು.

ನಾನು: ಅಟ್ಟಕ್ಕೆ ಹಾಕಿದಿರಿ, ಮಳೆ ನಿಂತ ಮೇಲೆ ಬಿಚ್ಚಿ ನೋಡಲಿಲ್ಲ ಅಲ್ವಾ ದೊಡ್ಡಪ್ಪ?

ಯಾರೂ ಏನೂ ಬರೆಯಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಅಮ್ಮನ ಮೆಸೇಜ್. ಅಮ್ಮ ಈ ಗುಂಪಿನಲ್ಲಿ ಹಬ್ಬಕ್ಕೆ ಬಿಟ್ಟರೆ ಬರೆಯುವುದೇ ಇಲ್ಲ.

ಅಮ್ಮ: ಮಗಳೇ, ಆ ಹಾಳೆ ತಂದಿದ್ದು ಭಾವನವರು. ಬೆಂಗಳೂರಿಂದ.

ನಾನು: ಯಾವ ಹಾಳೆ?

ದೊಡ್ಡಪ್ಪ: ಬಿಡಮ್ಮ, ಅದೆಲ್ಲ ಯಾಕೆ.

ಅಮ್ಮ: ಇವರು ಚೀಟಿಯಲ್ಲಿ ಹೆಸರು ಬರೆದುಕೊಟ್ಟಿದ್ದರು. ಭಾವ ಆ ಸಲ ಮೆಣಸು ಮಾರಿದ ದುಡ್ಡಲ್ಲಿ ಐದು ಹಾಳೆ ತಂದರು. ಮಡಚಬಾರದು ಅಂತ ಇವರು ಹೇಳಿದ್ದರಂತೆ. ಬಸ್ಸಿನಲ್ಲಿ ಸೋಮವಾರಪೇಟೆವರೆಗೂ ಆ ಸುರುಳಿಯನ್ನು ತೊಡೆ ಮೇಲೆ ಇಟ್ಟುಕೊಂಡೇ ಬಂದರು. ನಾಲ್ಕು ಹಾಳೆ ಕೆಟ್ಟವು. ಐದನೆಯದು ಈ ಚಿತ್ರ.

ಆ ಹಾಳೆಯ ಅಂಚನ್ನು ಬೆಳಕಿಗೆ ಹಿಡಿದರೆ ಒಳಗೆ ಅಕ್ಷರ ಕಾಣುತ್ತದೆ. ಚಿಕ್ಕವಳಿದ್ದಾಗ ಅಪ್ಪ ಕಿಟಕಿ ಹತ್ತಿರ ಎತ್ತಿ ತೋರಿಸಿದ್ದರು. ಫ್ಯಾಬ್ರಿಯಾನೋ ಅಂತ ಅದರಲ್ಲಿ ಇತ್ತು. ಆ ಊರಿನಲ್ಲಿ 13ನೇ ಶತಮಾನದಿಂದ ಕಾಗದ ಮಾಡುತ್ತಿದ್ದಾರೆ. ಕಾಗದದೊಳಗೆ ಹೀಗೆ ಗುರುತು ಮೂಡಿಸುವುದೂ ಅಲ್ಲೇ ಶುರುವಾಗಿದ್ದು. ಅಪ್ಪನ ಚಿತ್ರ ತನ್ನ ಹಾಳೆಯ ಊರಿಗೇ ಹೋಗುತ್ತಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ. ಆ ಹಾಳೆಯನ್ನು ಬೆಂಗಳೂರಿಂದ ತಂದವರು ಯಾರು ಎಂದು ಒಂದು ದಿನವೂ ಕೇಳಿರಲಿಲ್ಲ.

ನಾನು: ದೊಡ್ಡಪ್ಪ, ತಪ್ಪಾಯಿತು. ನನಗೆ ಗೊತ್ತಿರಲಿಲ್ಲ. ಅಲ್ಲಿ ಚಿತ್ರದ ಪಕ್ಕ ನಾಲ್ಕು ಸಾಲಿನ ಚೀಟಿ ಹಾಕುತ್ತಾರೆ. ಹಾಳೆ ತಂದವರು ಕಲಾವಿದರ ಅಣ್ಣ ಎಂದು ಬರೆಯಲಾ?

ಕುಶಾಲನಗರ ಅಕ್ಕ: ಹದಿನಾಲ್ಕು ಹಸಿರು ಅಂತಾನೂ ಬರಿ.

ಬೆಂಗಳೂರು ಅಣ್ಣ: ಒಂಬತ್ತು.

ದೊಡ್ಡಪ್ಪ: ಅವನ ಹೆಸರು ಮೇಲೆ, ದೊಡ್ಡದಾಗಿ ಇರಲಿ. ನನ್ನದು ಸಣ್ಣದಾಗಿ ಇದ್ದರೆ ಸಾಕು.

ದೊಡ್ಡಪ್ಪ: ಗಾಜು ತೆಗೆಯಬೇಕಾ, ಹಾಗೇ ತರಬೇಕಾ?

ನಾನು: ಗಾಜು ಮುಟ್ಟಬೇಡಿ. ಹಳೇ ಕಾಟನ್ ಸೀರೆಯಲ್ಲಿ ಸುತ್ತಿ ತನ್ನಿ. ಕಂಬಳಿ ಬೇಡ.

ದೊಡ್ಡಪ್ಪ: ನಾಳೆ ಸಂತೆಗೆ ಬರುವಾಗ ತರುತ್ತೇನೆ. ಮಳೆ ಇದ್ದರೆ ತರುವುದಿಲ್ಲ.