ಬಬಲ್ ಟಿಪ್ ಅನಿಮೋನ್ ಕುಗ್ಗಿ ಬಿಳಿಚಿಕೊಳ್ಳುತ್ತಿದೆ. ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತಿವೆ

ಪ್ರಶ್ನೆ, ಬೆಂಗಳೂರಿನಿಂದ

ನಮಸ್ಕಾರ. ನನ್ನ ಮನೆಯಲ್ಲಿರುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸುಮಾರು 150 ಲೀಟರ್ ನೀರಿದ್ದು, ಅದನ್ನು ಆರಂಭಿಸಿ 14 ತಿಂಗಳಾಗಿದೆ. ಒಂದು ಜೋಡಿ ಓಸೆಲ್ಲಾರಿಸ್ ಕ್ಲೌನ್ ಮೀನುಗಳ ಜೊತೆ ಐದು ತಿಂಗಳಿಂದ ಒಂದು ಬಬಲ್ ಟಿಪ್ ಅನಿಮೋನನ್ನು (ಹೂವಿನಂತೆ ಅರಳುವ, ಕಲ್ಲಿಗೆ ಅಂಟಿ ಬದುಕುವ ಕಡಲ ಪ್ರಾಣಿ) ಸಾಕುತ್ತಿದ್ದೇನೆ. ಮೊದಲ ನಾಲ್ಕು ತಿಂಗಳು ಅದು ಕಲ್ಲಿನ ಒಂದೇ ಸಂದಿಯಲ್ಲಿ ಪಾದವೂರಿ, ಅಂಗೈಯಗಲಕ್ಕೆ ಅರಳಿ ನಿಲ್ಲುತ್ತಿತ್ತು. ಈಗ ಕೆಲವು ದಿನಗಳಿಂದ ಹಗಲಿನಲ್ಲಿಯೂ ಮುದುಡಿಕೊಂಡಿರುತ್ತದೆ, ಕಂದು ಬಣ್ಣ ಮಾಸಿ ಬಿಳಿಚಿಕೊಳ್ಳುತ್ತಿದೆ, ನಿನ್ನೆ ಸಂದಿಯನ್ನೇ ಬಿಟ್ಟು ಗಾಜಿನ ಕಡೆಗೆ ಸರಿದಿದೆ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನೈಟ್ರೇಟ್ 8, ಕ್ಯಾಲ್ಸಿಯಂ 470, ಮೆಗ್ನೀಸಿಯಂ 1450 ಪಿಪಿಎಂ. ಉಪ್ಪಿನಂಶ ಅಳೆಯುವ ಹೈಡ್ರೋಮೀಟರ್ 1.025 ತೋರಿಸುತ್ತದೆ. ಬೇಸಿಗೆಯಾದ್ದರಿಂದ ಮುಚ್ಚಳ ತೆಗೆದು ಫ್ಯಾನ್ ಇಟ್ಟಿದ್ದೇನೆ; ನೀರಿನ ಉಷ್ಣತೆ 26 ಡಿಗ್ರಿಯಲ್ಲಿದೆ. ಹಸಿವಾಗಿರಬಹುದೆಂದು ಒಬ್ಬರು ಹೇಳಿದ್ದರಿಂದ ದಿನವೂ ಸೀಗಡಿಯ ತುಂಡು ಕೊಟ್ಟೆ, ಆದರೆ ಮರುದಿನ ಅದನ್ನು ಹಾಗೆಯೇ ಹೊರಹಾಕುತ್ತದೆ. ಅದರ ಆಯುಸ್ಸೇ ಮುಗಿದಿರಬಹುದೇ? ಮನೆಯವರೆಲ್ಲರಿಗೂ ಅದರ ಮೇಲೆ ಬಹಳ ಪ್ರೀತಿ. ದಯವಿಟ್ಟು ತಿಳಿಸಿ.

ಉತ್ತರ, ಉಡುಪಿಯಿಂದ

ಮೊದಲು ಆಯುಸ್ಸಿನ ಮಾತು. ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡಾಲ್ಯೆಲ್ ಎಂಬ ಪ್ರಕೃತಿ ವಿಜ್ಞಾನಿ 1828ರಲ್ಲಿ ಕಡಲ ತೀರದಿಂದ ತಂದ ಒಂದು ಅನಿಮೋನ್, ಗಾಜಿನ ಜಾಡಿಯೊಳಗೆ ಅವರ ಕಾಲಾನಂತರವೂ ಉಳಿದು, 1887ರವರೆಗೆ ಬದುಕಿತ್ತು. ಅದನ್ನು ಎಲ್ಲರೂ ‘ಗ್ರ್ಯಾನಿ’, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅದು ಬೇರೆ ಜಾತಿಯದು, ನಿಜ. ಆದರೂ ಐದು ತಿಂಗಳ ಸಾಕಣೆಯಲ್ಲಿ ಅನಿಮೋನ್ ವಯಸ್ಸಾಗಿ ಕುಗ್ಗುತ್ತಿದೆ ಎಂದು ಭಾವಿಸಲು ಕಾರಣವಿಲ್ಲ. ನೀರಿನಲ್ಲಿಯೇ ಏನೋ ಬದಲಾಗಿದೆ.

ಆಹಾರವನ್ನು ಇಂದಿನಿಂದಲೇ ನಿಲ್ಲಿಸಿ. ಬಬಲ್ ಟಿಪ್ ಅನಿಮೋನಿಗೆ ಹೆಚ್ಚಿನ ಶಕ್ತಿ ಸಿಗುವುದು ತನ್ನ ಅಂಗಾಂಶದೊಳಗೆ ವಾಸಿಸುವ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಯಿಂದ. ಆ ಕಂದು ಬಣ್ಣವೂ ಪಾಚಿಯದೇ. ಒತ್ತಡಕ್ಕೆ ಸಿಕ್ಕ ಅನಿಮೋನ್ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತದೆ. ಅಂಥ ಸ್ಥಿತಿಯಲ್ಲಿ ಒತ್ತಾಯದಿಂದ ತಿನ್ನಿಸಿದರೆ ಅರಗಿಸಿಕೊಳ್ಳಲಾರದೆ ಹೊರಹಾಕುತ್ತದೆ, ಅದರಿಂದ ಇನ್ನಷ್ಟು ಬಳಲುತ್ತದೆ.

ಅದು ಸಾಯುತ್ತಿದೆಯೇ ಎಂದು ತಿಳಿಯಲು ಬಾಯಿಯನ್ನು ನೋಡಿ. ದಿನಕ್ಕೊಮ್ಮೆ ಮುದುಡಿ, ಒಳಗಿನ ನೀರನ್ನೂ ಕಂದು ಲೋಳೆಯನ್ನೂ ಹೊರಹಾಕಿ, ಮತ್ತೆ ಉಬ್ಬುವುದು ಆರೋಗ್ಯವಂತ ಅನಿಮೋನಿನ ಸಹಜ ಕ್ರಮ. ಬಾಯಿ ಗಂಟೆಗಟ್ಟಲೆ ತೆರೆದೇ ಇದ್ದು, ಒಳಭಾಗ ಹೊರಚಾಚಿಕೊಂಡು, ಮೈ ಕರಗಿದಂತಾಗಿ ಕೊಳೆತ ವಾಸನೆ ಬಂದರೆ ಮಾತ್ರ ಕೂಡಲೇ ಹೊರತೆಗೆಯಬೇಕು. ತಡಮಾಡಿದರೆ ಅದು ಕೊಳೆತು ಹೊಮ್ಮುವ ಅಮೋನಿಯಾ ಮೀನುಗಳನ್ನೂ ಕೊಲ್ಲುತ್ತದೆ.

ನನ್ನ ಗಮನ ಸೆಳೆದದ್ದು ನಿಮ್ಮ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸಮುದ್ರದ ನೀರಿನಲ್ಲಿ ಇವು ಸುಮಾರು 420 ಮತ್ತು 1300 ಇರುತ್ತವೆ. ನಿಮ್ಮಲ್ಲಿ ಎರಡೂ ಸುಮಾರು ಶೇಕಡಾ 12ರಷ್ಟು, ಒಂದೇ ಪ್ರಮಾಣದಲ್ಲಿ, ಏರಿವೆ. ಯಾವ ಪೂರಕವನ್ನೂ ಹಾಕದೆ ಹೀಗಾಗಿದ್ದರೆ ಇಡೀ ಉಪ್ಪಿನಂಶವೇ ಏರಿರಬೇಕು, ಅಂದರೆ ಹೈಡ್ರೋಮೀಟರ್ ತಪ್ಪು ತೋರಿಸುತ್ತಿದೆ. ಆವಿಯಾದ ನೀರಿನ ಬದಲು ಯಾವ ನೀರನ್ನು ಹಾಕುತ್ತೀರಿ, ಎಷ್ಟು ಹಾಕುತ್ತೀರಿ? ಹೈಡ್ರೋಮೀಟರ್ ಮುಳ್ಳಿರುವ ಬಗೆಯದೇ?

ಪ್ರಶ್ನೆ ಕೇಳಿದವರು

ಯಾವ ಪೂರಕವನ್ನೂ ಹಾಕಿಲ್ಲ. ಫ್ಯಾನ್ ಇಟ್ಟು 20 ದಿನಗಳಾದವು. ಅಂದಿನಿಂದ ದಿನಕ್ಕೆ ಸುಮಾರು ಒಂದು ಲೀಟರ್ ಆವಿಯಾಗುತ್ತಿದೆ. ಉಪ್ಪು ಕಡಿಮೆಯಾಗಬಾರದೆಂದು, ಬದಲಾವಣೆಗಾಗಿ ಕಲಸಿಟ್ಟ ಉಪ್ಪುನೀರನ್ನೇ ಹಾಕುತ್ತಿದ್ದೇನೆ. ಈ ಅವಧಿಯಲ್ಲಿ ನೀರು ಬದಲಿಸಿಲ್ಲ. ಹೈಡ್ರೋಮೀಟರ್ ಮುಳ್ಳಿನದೇ, ಒಂದು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ.

ಉತ್ತರ, ಉಡುಪಿಯಿಂದ

ಹಾಗಾದರೆ ಕಾರಣ ಇದೇ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಒಂದು ಲೀಟರ್ ಉಪ್ಪುನೀರಿನ ಜೊತೆ ಸುಮಾರು 35 ಗ್ರಾಂ ಉಪ್ಪು ತೊಟ್ಟಿಗೆ ಸೇರುತ್ತದೆ. 20 ದಿನಗಳಿಗೆ 700 ಗ್ರಾಂ. ಅದನ್ನು 150 ಲೀಟರಿಗೆ ಹಂಚಿದರೆ ಲೀಟರಿಗೆ ನಾಲ್ಕೂವರೆ ಗ್ರಾಮಿಗಿಂತ ಹೆಚ್ಚು. ನಿಮ್ಮ ಲವಣಾಂಶ ಈಗ ಸಾವಿರಕ್ಕೆ 39ರ ಆಸುಪಾಸಿನಲ್ಲಿರಬೇಕು, ಇರಬೇಕಾದದ್ದು 35. ನಿಮ್ಮ ಕ್ಯಾಲ್ಸಿಯಂ ಲೆಕ್ಕವೂ ಇದಕ್ಕೇ ತಾಳೆಯಾಗುತ್ತದೆ. ಮೀನು ತನ್ನ ದೇಹದ ಉಪ್ಪನ್ನು ನಿಯಂತ್ರಿಸಿಕೊಳ್ಳಬಲ್ಲದು, ಆದ್ದರಿಂದ ನಿಮ್ಮ ಕ್ಲೌನ್ ಮೀನುಗಳು ಚೆನ್ನಾಗಿಯೇ ಕಾಣುತ್ತಿವೆ. ಅನಿಮೋನಿಗೆ ಆ ಶಕ್ತಿಯಿಲ್ಲ. ಹೊರಗಿನ ನೀರಿನ ಉಪ್ಪು ಎಷ್ಟೋ ಒಳಗಿನದೂ ಅಷ್ಟೇ.

ಹೈಡ್ರೋಮೀಟರಿನ ಮುಳ್ಳಿನ ಮೇಲೆ ಉಪ್ಪು ಕಟ್ಟಿಕೊಂಡರೆ ಅದು ಭಾರವಾಗಿ ಕಡಿಮೆ ತೋರಿಸುತ್ತದೆ, ಗಾಳಿಗುಳ್ಳೆ ಅಂಟಿದರೆ ಹೆಚ್ಚು ತೋರಿಸುತ್ತದೆ. ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಉಪ್ಪಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಕೊಳ್ಳಿ. ಅದನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು. 963.5 ಗ್ರಾಂ ಶುದ್ಧ ನೀರಿನಲ್ಲಿ 36.5 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿದರೆ, ಸಾವಿರಕ್ಕೆ 35 ಲವಣಾಂಶವಿರುವ ಸಮುದ್ರದ ನೀರು ಬೆಳಕನ್ನು ಬಾಗಿಸುವಷ್ಟೇ ಅದೂ ಬಾಗಿಸುತ್ತದೆ. ಆ ದ್ರಾವಣಕ್ಕೆ 35 ಬರುವಂತೆ ತಿರುಪನ್ನು ಹೊಂದಿಸಿಕೊಳ್ಳಿ.

ಅಳತೆ 39 ಎಂದೇ ಬಂದರೆ, ಗಾಬರಿಯಿಂದ ಒಂದೇ ದಿನದಲ್ಲಿ ಇಳಿಸಬೇಡಿ. ದಿನಕ್ಕೆ 3 ಲೀಟರ್ ತೊಟ್ಟಿಯ ನೀರನ್ನು ತೆಗೆದು, ಅಷ್ಟೇ ಆರ್‌ಒ ನೀರನ್ನು ಪಂಪಿನ ಹರಿವಿನ ಬಳಿ ನಿಧಾನವಾಗಿ ಸುರಿಯಿರಿ. ಹೀಗೆ ದಿನಕ್ಕೆ ಸುಮಾರು 0.8ರಷ್ಟು ಇಳಿದು, ಐದು ದಿನಗಳಲ್ಲಿ 35ರ ಹತ್ತಿರ ಬರುತ್ತದೆ. ಆವಿಯಾದುದರ ಬದಲಿಗೆ ಇನ್ನು ಮುಂದೆ ಆರ್‌ಒ ನೀರನ್ನು ಮಾತ್ರ ಹಾಕಿ.

ಇನ್ನೊಂದು ಮಾತು, ಇದು ಇಂದು ರಾತ್ರಿಯೇ ಆಗಬೇಕಾದ ಕೆಲಸ. ನೆಲೆ ಬಿಟ್ಟ ಅನಿಮೋನ್ ಪವರ್‌ಹೆಡ್‌ನ (ತೊಟ್ಟಿಯೊಳಗೆ ನೀರನ್ನು ಹರಿಸುವ ಪಂಪು) ಬಾಯಿಗೆ ಸಿಕ್ಕರೆ ಚೂರುಚೂರಾಗುತ್ತದೆ. ನನ್ನ ಮೊದಲ ಅನಿಮೋನನ್ನು ನಾನು ಹಾಗೆಯೇ ಕಳೆದುಕೊಂಡೆ, ಆ ಬೆಳಗನ್ನು ಇಂದಿಗೂ ಮರೆತಿಲ್ಲ. ಪಂಪಿನ ಬಾಯಿಗೆ ಸ್ಪಂಜಿನ ಕವಚ ಹಾಕಿ. ಗಾಜಿಗೆ ಅಂಟಿಕೊಂಡ ಪಾದವನ್ನು ಕೈಯಿಂದ ಎಳೆಯಬೇಡಿ. ಪಾದ ಹರಿದರೆ ಉಳಿಯುವುದು ಕಷ್ಟ.

ಮತ್ತೊಂದು ಉತ್ತರ, ಮಂಗಳೂರಿನಿಂದ

ಮೇಲಿನ ಸಲಹೆ ಸರಿಯಾಗಿದೆ. ನಾನು ಕಡಲಿನಿಂದಲೇ ನೀರು ತರುವವನು. ಮಳೆಗಾಲದಲ್ಲಿ ನೇತ್ರಾವತಿಯ ಅಳಿವೆಯ ಆಸುಪಾಸಿನ ನೀರು ಎಷ್ಟು ಸಪ್ಪೆಯಾಗುತ್ತದೆಂದರೆ, ಅಳೆಯದೆ ತಂದ ನೀರಿನಿಂದ ನನ್ನ ತೊಟ್ಟಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಾಗಿ, ಅನಿಮೋನ್ ಇದೇ ರೀತಿ ಮುದುಡಿತ್ತು. ಬಿಳಿಚಿದೆಯೆಂದು ದೀಪವನ್ನು ಹೆಚ್ಚಿಸಬೇಡಿ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಪಾಚಿ ಕಳೆದುಕೊಂಡ ಮೈಗೆ ಪ್ರಖರ ಬೆಳಕು ಇನ್ನೊಂದು ಒತ್ತಡ. ಎರಡು ವಾರ ಸ್ವಲ್ಪ ತಗ್ಗಿಸಿಟ್ಟು, ಬಣ್ಣ ಮರಳಿದಂತೆ ಏರಿಸಿ.

ಪ್ರಶ್ನೆ ಕೇಳಿದವರು, 16 ದಿನಗಳ ನಂತರ

ರಿಫ್ರಾಕ್ಟೋಮೀಟರ್ ಸರಿಯಾಗಿ 39 ತೋರಿಸಿತು. ಹೇಳಿದಂತೆಯೇ ಇಳಿಸಿದೆ, ಈಗ 35ರಲ್ಲಿ ನಿಂತಿದೆ. ಒಂಬತ್ತನೆಯ ದಿನ ಅನಿಮೋನ್ ತಾನಾಗಿಯೇ ಕಲ್ಲಿಗೆ ಮರಳಿ ಪಾದವೂರಿತು. ಬಾಯಿ ಬಿಗಿಯಾಗಿ ಮುಚ್ಚಿದೆ, ಕರಬಳ್ಳಿಗಳು ಮುಟ್ಟಿದರೆ ಅಂಟಿಕೊಳ್ಳುತ್ತವೆ. ಬಣ್ಣ ಇನ್ನೂ ತಿಳಿಯಾಗಿಯೇ ಇದೆ. ಆದರೆ ಮೀನುಗಳು ದಿನವಿಡೀ ಅದರ ಮೈಯನ್ನು ಉಜ್ಜುತ್ತಿವೆ. ಅವನ್ನು ತಡೆಯಬೇಕೇ? ಆಹಾರ ಯಾವಾಗ ಆರಂಭಿಸಲಿ?

ಉತ್ತರ, ಉಡುಪಿಯಿಂದ

ಓದಿ ಬಹಳ ಸಂತೋಷವಾಯಿತು. ಓಸೆಲ್ಲಾರಿಸ್ ಮೀನು ಸಮುದ್ರದಲ್ಲಿ ಬಬಲ್ ಟಿಪ್ ಅನಿಮೋನನ್ನು ಆಶ್ರಯಿಸುವುದಿಲ್ಲ, ಮನೆಯ ತೊಟ್ಟಿಯಲ್ಲಿ ಮಾತ್ರ ಒಪ್ಪಿಕೊಳ್ಳುತ್ತದೆ. ಆರೋಗ್ಯವಾಗಿರುವ ಅನಿಮೋನಿಗೆ ಮೀನಿನ ತ್ಯಾಜ್ಯವು ಪಾಚಿಯ ಪೋಷಣೆಗೆ ಒದಗುವುದರಿಂದ ಈ ಸ್ನೇಹ ಒಳ್ಳೆಯದೇ. ಬಳಲಿರುವಾಗ ಮಾತ್ರ ಭಾರ. ಬೆಳಕು ಮತ್ತು ನೀರು ಧಾರಾಳವಾಗಿ ಹಾಯುವಂಥ, ದೊಡ್ಡ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಎರಡು ವಾರ ಅದರ ಮೇಲೆ ಕವುಚಿಡಿ. ಆಹಾರವಾಗಿ ಬಾಯಿಗಿಂತ ಚಿಕ್ಕದಾದ, ಕಡಲೆಕಾಳಿನ ಅರ್ಧದಷ್ಟು ಸೀಗಡಿಯ ಚೂರನ್ನು ವಾರಕ್ಕೆ ಎರಡು ಸಲ ಕೊಟ್ಟು ನೋಡಿ. ಮರುದಿನ ಹೊರಹಾಕಿದರೆ ಇನ್ನೊಂದು ವಾರ ಕಾಯಿರಿ. ಬಣ್ಣ ಪೂರ್ತಿ ಮರಳಲು ತಿಂಗಳುಗಳೇ ಹಿಡಿಯಬಹುದು, ಅದಕ್ಕಾಗಿ ಈಗ ಬೇರೇನನ್ನೂ ಬದಲಿಸಬೇಡಿ.